ನೀಲಿ ಗುರುತಿನ ವಾಲ್ವ್ ಮುಚ್ಚಿದ ಬಗ್ಗೆ ಹೇಳಿಕೆ

ನನ್ನನ್ನು ಎಲ್ಲರೂ ಟಾರ್ಚು ಎಂದು ಕರೆಯುತ್ತಾರೆ. ಗುರುತಿನ ಚೀಟಿಯಲ್ಲಿರುವ ಹೆಸರನ್ನು ಠಾಣೆಯ ಸಾಹೇಬರು ಬೇರೆ ಹಾಳೆಯಲ್ಲಿ ಬರೆದುಕೊಂಡಿದ್ದಾರೆ. ಆ ಹೆಸರು ಹಿಡಿದು ನಮ್ಮ ಬೀದಿಗೆ ಬಂದರೆ ಯಾರೂ ಮನೆ ತೋರಿಸುವುದಿಲ್ಲ. ವಯಸ್ಸು ನಲವತ್ತೊಂಬತ್ತು. ಕೆಲಸ, ಕೊಳಾಯಿ ಜೋಡಣೆ ಮತ್ತು ರಿಪೇರಿ. ವಾಸ, ಹಳೇ ನೀರಿನ ಟ್ಯಾಂಕಿನ ಎದುರು ಸಾಲಿನ ಮೂರನೇ ಮನೆ. ಕೆಳಗೆ ಅಣ್ಣನ ಸಂಸಾರ, ಮಹಡಿಯ ಮೇಲೆ ನಾನೊಬ್ಬನೇ. ಯಾರ ಒತ್ತಾಯವೂ ಇಲ್ಲದೆ ನಾನಾಗಿಯೇ ಠಾಣೆಗೆ ಬಂದು ತಿಳಿಯಪಡಿಸುವುದು ಏನೆಂದರೆ:

ನಿನ್ನೆ ಮಂಗಳವಾರ ಮಧ್ಯಾಹ್ನ ನನ್ನ ಅಣ್ಣ ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡ. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಅದರೊಳಗೆ ಬಲೂನು ಬಿಟ್ಟು ಅಗಲ ಮಾಡುತ್ತೇವೆ ಎಂದು ಆಂಜಿಯೋಪ್ಲಾಸ್ಟಿಗೆ ಕರೆದುಕೊಂಡು ಹೋದರು. ಆ ಚಿಕಿತ್ಸೆಯಲ್ಲೇ ರಕ್ತನಾಳದ ಒಳಪದರ ಸೀಳಿಹೋಯಿತು. ಹೇಗೆ ಸೀಳಿತು, ಯಾರು ಸೀಳಿದರು ಎಂದು ದೂರು ಕೊಡಲು ನಾನು ಬಂದವನು. ಸಾಹೇಬರು ನನ್ನ ದೂರನ್ನು ಪಕ್ಕಕ್ಕಿಟ್ಟು, ನಿನ್ನೆ ಅದೇ ಹೊತ್ತಿನಲ್ಲಿ ಆಸ್ಪತ್ರೆಯ ನೀರು ನಿಲ್ಲಿಸಿದ್ದು ಯಾರು ಎಂದು ಕೇಳಿದರು. ನಾನೇ. ಇದನ್ನು ಮೊದಲೇ ಬರೆದುಕೊಂಡರೆ ಆಸ್ಪತ್ರೆಯ ಪಂಪ್‌ಮನ್‌ನನ್ನು ಬೆಳಿಗ್ಗೆಯಿಂದ ಹೊರಗಿನ ಬೆಂಚಿನ ಮೇಲೆ ಕೂರಿಸಿಕೊಂಡಿರುವ ಅಗತ್ಯ ಇರುವುದಿಲ್ಲ. ಆ ಮನುಷ್ಯ ಏನೂ ಮಾಡಿಲ್ಲ.

ನಿನ್ನೆ ಬೆಳಿಗ್ಗೆ ಎಂಟೂವರೆಗೆ ನಾನು ಮತ್ತು ಅಣ್ಣ ಒಂದು ಶಾಲೆಯ ತಾರಸಿಯ ಮೇಲೆ ಟ್ಯಾಂಕಿನ ಪೈಪು ಬದಲಾಯಿಸುತ್ತಿದ್ದೆವು. ಅಣ್ಣ ಇದ್ದಕ್ಕಿದ್ದಂತೆ ಕೈಯಲ್ಲಿದ್ದ ರೆಂಚು ಕೆಳಗಿಟ್ಟು ಟ್ಯಾಂಕಿಗೆ ಬೆನ್ನು ಕೊಟ್ಟು ಕೂತ. ಅವನು ಅರ್ಧ ಕೆಲಸದಲ್ಲಿ ಕೂರುವ ಪೈಕಿ ಅಲ್ಲ. ಏನಾಯಿತು ಎಂದರೆ ಗ್ಯಾಸು ಎಂದ. ಗ್ಯಾಸಿಗೆ ಎಡಗೈ ಯಾಕೆ ಹಿಸುಕಿಕೊಳ್ಳುತ್ತೀಯ ಎಂದು ಕೇಳಿದೆ. "ಶುರುವಾಯ್ತಪ್ಪ ಇವನ ಟಾರ್ಚು" ಎಂದು ನಕ್ಕ. ಹಣೆ ಬೆವರಿತ್ತು. ಬಿಸಿಲು ಇನ್ನೂ ಏರಿರಲಿಲ್ಲ.

ಈ ಹೆಸರು ಅವನೇ ಇಟ್ಟಿದ್ದು. ಕೆಲಸ ಮುಗಿದ ಮೇಲೆ ಪ್ರತಿ ಜಾಯಿಂಟಿಗೂ ಟಾರ್ಚು ಬಿಟ್ಟು ನೋಡುವುದು ನನ್ನ ಅಭ್ಯಾಸ. ಅಣ್ಣ ಹಾಕಿದ ಜಾಯಿಂಟನ್ನೂ ಬಿಡುವುದಿಲ್ಲ. "ಟಾರ್ಚು ಹಾಕ್ಕೊಂಡು ನೋಡಿದ್ರೆ ಯಾವ ಪೈಪಾದ್ರೂ ಸೋರೋ ಹಾಗೇ ಕಾಣುತ್ತೆ ಕಣೋ" ಎಂದು ಅವನು ಸಾವಿರ ಸಲ ಹೇಳಿದ್ದಾನೆ. ಇದು ಹೇಳಿಕೆಗೆ ಸಂಬಂಧವಿಲ್ಲ ಎಂದು ಬರೆಯುವ ಪೇದೆಯವರು ಕೈ ನಿಲ್ಲಿಸಿದರು. ಸಂಬಂಧ ಇದೆ, ಬರೆಯಿರಿ ಎಂದೆ.

ನಮ್ಮ ಸಾಮಾನಿನ ಗಾಡಿಯಲ್ಲೇ ಅಣ್ಣನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಒಂಬತ್ತೂ ಇಪ್ಪತ್ತಕ್ಕೆ ತಲುಪಿದೆ. ಅತ್ತಿಗೆ ಅರ್ಧ ಗಂಟೆಯಲ್ಲಿ ಬಂದರು. ಎದೆಗೆ ವೈರು ಅಂಟಿಸಿ ಕಾಗದ ತೆಗೆದರು, ರಕ್ತ ತೆಗೆದರು. ಹೃದ್ರೋಗದ ಡಾಕ್ಟರಮ್ಮ ಬಂದು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಅಣ್ಣನಿಗೆ ಹೃದಯಾಘಾತ ಆಗುತ್ತಿದೆ, ರಕ್ತನಾಳ ಎಲ್ಲಿ ಮುಚ್ಚಿದೆ ಎಂದು ನೋಡಿ ಅಲ್ಲೇ ಬಲೂನಿನಿಂದ ತೆರೆದು, ಮತ್ತೆ ಮುಚ್ಚದ ಹಾಗೆ ಒಂದು ಸ್ಟೆಂಟ್ ಇಡುತ್ತೇನೆ ಎಂದರು. ಸ್ಟೆಂಟ್ ಎಂದರೆ ಜಾಲರಿಯಂಥ ಸಣ್ಣ ಕೊಳವೆ. ಸುಮಾರು ಮುಕ್ಕಾಲು ಗಂಟೆಯ ಕೆಲಸ ಎಂದರು.

ಅದಕ್ಕೆ ನಾನು, ತೆಗೆದ ತುಂಡನ್ನು ನಮಗೆ ತೋರಿಸುತ್ತೀರಾ ಎಂದು ಕೇಳಿದೆ. ನಮ್ಮಲ್ಲಿ ಅಣ್ಣ ಹಾಕಿದ ನಿಯಮ ಇದು. ಯಾರ ಮನೆಯಲ್ಲಿ ಏನು ಬಿಚ್ಚಿದರೂ, ಕೆಟ್ಟ ವಾಷರಾಗಲಿ ಒಡೆದ ಪೈಪಾಗಲಿ, ಯಜಮಾನರ ಕೈಗೆ ಕೊಟ್ಟು ಇದೇ ನೋಡಿ ಕೆಟ್ಟಿದ್ದು ಎಂದು ತೋರಿಸಿಯೇ ಬರಬೇಕು. ತೋರಿಸದವನು ಏನೋ ಮುಚ್ಚಿಡುತ್ತಿದ್ದಾನೆ ಎಂದೇ ಲೆಕ್ಕ. ಡಾಕ್ಟರಮ್ಮ ನಕ್ಕು, ಏನನ್ನೂ ಹೊರಗೆ ತೆಗೆಯುವುದಿಲ್ಲ, ಕಟ್ಟಿದ್ದನ್ನು ಗೋಡೆಗೆ ಒತ್ತಿ ದಾರಿ ಬಿಡಿಸುತ್ತೇವೆ ಎಂದರು. ಒಳಗೆ ಹೋಗುತ್ತೀರಿ, ಏನನ್ನೂ ತೆಗೆಯುವುದಿಲ್ಲ, ನಾವೂ ನೋಡುವಂತಿಲ್ಲ. ನನಗೆ ಅಲ್ಲಿಂದಲೇ ಅನುಮಾನದ ಹುಳು ಹೊಕ್ಕಿತು.

ಸತ್ಯವನ್ನು ಬರೆಸಬೇಕು. ಅಪಾಯಗಳನ್ನು ಅವರು ಹೇಳಿದರು. ರಕ್ತಸ್ರಾವ ಆಗಬಹುದು, ತುಂಬಾ ಅಪರೂಪಕ್ಕೆ ರಕ್ತನಾಳ ಸೀಳಬಹುದು, ಹಾಗಾದರೆ ತುರ್ತಾಗಿ ಎದೆ ತೆರೆಯಬೇಕಾಗಬಹುದು ಎಂದು ಒಂದೊಂದಾಗಿ ಹೇಳಿದರು. ಅತ್ತಿಗೆ ಸಹಿ ಹಾಕಿದರು. ಹಾಕುವಾಗ ಅವರ ಬಳೆ ಮೇಜಿಗೆ ತಾಗಿ ತಾಗಿ ಸದ್ದಾಗುತ್ತಿತ್ತು.

ಹತ್ತೂವರೆಗೆ ಅಣ್ಣನನ್ನು ಮೊದಲನೇ ಮಹಡಿಯ ಆ ಕೋಣೆಗೆ ತಳ್ಳಿಕೊಂಡು ಹೋದರು. ಬಾಗಿಲಲ್ಲಿ ಅಣ್ಣ ನನ್ನ ಕಡೆ ತಿರುಗಿ, ಶಾಲೆಯ ತಾರಸಿಯಲ್ಲಿ ಪೈಪಿನ ಬಾಯಿ ತೆರೆದೇ ಇದೆ, ಚಿಂದಿ ತುರುಕಿ ಬಂದೆಯಾ ಎಂದು ಕೇಳಿದ. ತುರುಕಿದ್ದೇನೆ ಎಂದೆ. ತುರುಕಿರಲಿಲ್ಲ. ಅವನು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ನಾನು ಎದುರಿನ ಕುರ್ಚಿಯಲ್ಲಿ ಮೈಯೆಲ್ಲ ಕಣ್ಣಾಗಿ ಕೂತೆ. ಮುಕ್ಕಾಲು ಗಂಟೆ ಕಳೆಯಿತು, ದೀಪ ಆರಲಿಲ್ಲ. ಒಬ್ಬ ನರ್ಸ್ ಹೊರಗೆ ಬಂದು ಪಕ್ಕದ ಕೋಣೆಯಿಂದ ಉದ್ದನೆಯ ಒಂದು ಪೊಟ್ಟಣ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಅವರೇ ಬಂದು ಇನ್ನೊಂದು ಒಯ್ದರು. ಏನಮ್ಮಾ ಅದು ಎಂದು ಕೇಳಿದರೆ ಮುಖ ಕೊಡದೆ, "ನಡೀತಾ ಇದೆ, ಕೂತ್ಕೊಳ್ಳಿ" ಎಂದರು. ಮೂರನೇ ಸಲ ಬಂದಾಗ ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ಹಿಂದೆಯೇ ಇನ್ನೊಬ್ಬ ಡಾಕ್ಟರು ಲಿಫ್ಟಿನಿಂದ ಇಳಿದು ಬಂದರು. ಒಂದು ಬೂಟಿನ ಲೇಸು ಕಟ್ಟಿರಲಿಲ್ಲ.

ಒಂದು ವಾಷರ್ ಎಂದು ಹೇಳಿ ಒಳಗೆ ಹೋದವನು ಒಳಗಿನಿಂದಲೇ ಪೈಪು ಕೂಡಿಸುವ ಮೂರು ಕಪ್ಲಿಂಗ್ ತರಿಸಿದ ಎಂದರೆ ಅವನೇ ಪೈಪು ಒಡೆದಿದ್ದಾನೆ ಎಂದು ನಮ್ಮ ಕಸುಬಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಇದನ್ನು ಅತ್ತಿಗೆಗೆ ಹೇಳಿದೆ. ಅವರು, "ಸುಮ್ನಿರಪ್ಪ, ಅದು ನಿನ್ನ ನಲ್ಲಿ ಅಲ್ಲ, ನಿಮ್ಮಣ್ಣನ ಎದೆ" ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಹನ್ನೆರಡೂ ಹತ್ತಕ್ಕೆ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಹೊರಗೆ ಬಂದರು. ರಕ್ತನಾಳದ ಬೇರಿನಲ್ಲೇ ಒಳಪದರ ಸೀಳಿಕೊಂಡಿದೆ, ರಕ್ತ ಎರಡು ಪದರದ ನಡುವೆ ನುಗ್ಗಿ ದಾರಿಯನ್ನೇ ಮುಚ್ಚುತ್ತಿದೆ, ಸ್ಟೆಂಟ್ ಮೇಲೆ ಸ್ಟೆಂಟ್ ಇಟ್ಟು ಆ ಪದರವನ್ನು ಗೋಡೆಗೆ ಅಂಟಿಸಲು ನೋಡುತ್ತಿದ್ದೇವೆ, ಆಗದಿದ್ದರೆ ಆಪರೇಷನ್ ಮಾಡಬೇಕಾಗುತ್ತದೆ ಎಂದರು. ಮಾತಾಡುವಾಗ ಅವರ ಮುಖಗವಸು ಉಸಿರಿಗೆ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು. ನಾನು ಅವರನ್ನು, "ತಾನಾಗೇ ಸೀಳಿತಾ, ನೀವು ಸೀಳಿದ್ರಾ?" ಎಂದು ಕೇಳಿದೆ. ಅವರು ಬಾಗಿಲ ಕಡೆ ತಿರುಗಿದರು. ಒಳಗಿನ ಚಿತ್ರ ಪರದೆಯ ಮೇಲೆ ಬರುತ್ತದಲ್ಲ, ಅದನ್ನು ಈಗಲೇ ತೋರಿಸಿ ಎಂದೆ. ಆಮೇಲೆ ಎಂದು ಹೇಳಿ ಬಾಗಿಲು ಹಾಕಿಕೊಂಡರು. ಇಂಥ ಹಾರಿಕೆ ಉತ್ತರ ಕೇಳಿದರೆ ನನಗೆ ತಲೆ ಕೆಡುತ್ತದೆ. ಆಮೇಲೆ ಎಂದರೆ ಚಿತ್ರ ಅಳಿಸಿದ ಮೇಲೆ ಎಂದೇ ನನಗೆ ಕೇಳಿಸಿತು.

ನಾನು ಕೆಳಗಿಳಿದು ಸ್ವಾಗತ ಮೇಜಿನವಳಿಗೆ ಆಸ್ಪತ್ರೆಯ ಮೇಲಧಿಕಾರಿಯನ್ನು ಕರೆಸು ಎಂದೆ. ಮೀಟಿಂಗಿನಲ್ಲಿದ್ದಾರೆ ಎಂದಳು. ನನ್ನ ಅಣ್ಣ ಒಳಗೆ ಸಾಯುತ್ತಿದ್ದಾನೆ ಎಂದೆ. ಕೂತ್ಕೊಳ್ಳಿ ಎಂದಳು. ನಿನ್ನೆ ಆ ಕಟ್ಟಡದಲ್ಲಿ ನನ್ನನ್ನು ಕೂತ್ಕೊಳ್ಳಿ ಎನ್ನದವರೇ ಇಲ್ಲ. ಹೀಗೆ ಅರ್ಧ ಗಂಟೆ ಅವಳ ಜೊತೆ ಜಗಳವಾಡಿದೆ. ಅದೇ ಅರ್ಧ ಗಂಟೆಯಲ್ಲಿ ಮೇಲೆ ಅತ್ತಿಗೆ ಇನ್ನೊಂದು ಕಾಗದಕ್ಕೆ ಸಹಿ ಹಾಕಿದ್ದರು, ಆಸ್ಪತ್ರೆಯವರು ಅಣ್ಣನನ್ನು ಹಿಂದಿನ ಲಿಫ್ಟಿನಲ್ಲಿ ಆಪರೇಷನ್ನಿಗೆ ಒಯ್ದಿದ್ದರು. ಅದು ನನಗೆ ಗೊತ್ತಿರಲಿಲ್ಲ. ಅತ್ತಿಗೆ ನನಗೆ ಎರಡು ಸಲ ಫೋನು ಮಾಡಿದ್ದರು. ಜಗಳದ ಮಧ್ಯೆ ಕಟ್ ಮಾಡಿದೆ.

ಈಗ ವಾಲ್ವಿನ ವಿಷಯ. ಆ ಆಸ್ಪತ್ರೆಯ ಹಳೇ ಕಟ್ಟಡದ ಪೈಪು ಎಳೆದವರು ನಾವೇ, ನಾನು ಮತ್ತು ಅಣ್ಣ, ಹದಿನೆಂಟು ವರ್ಷದ ಕೆಳಗೆ. ಮೆಟ್ಟಿಲ ಹಿಂದೆ ಕಿರಿದಾದ ಒಂದು ಕಿಂಡಿಕೋಣೆ ಇದೆ; ತಾರಸಿಯ ಟ್ಯಾಂಕಿನಿಂದ ಇಳಿಯುವ ಎಲ್ಲ ಪೈಪೂ ಅಲ್ಲಿ ಬಂದು ಕವಲೊಡೆಯುತ್ತವೆ. ಯಾವ ವಾಲ್ವ್ ಯಾವ ಮಹಡಿಗೆ ಎಂದು ತಿಳಿಯಲು ಅಣ್ಣ ಒಂದೊಂದಕ್ಕೆ ಒಂದೊಂದು ಬಣ್ಣದ ಗೀಟು ಎಳೆಯುತ್ತಿದ್ದ. ನೀಲಿ ಗೀಟು ಎರಡನೇ ಮಹಡಿ. ನಾವು ಪೈಪು ಎಳೆದಾಗ ಎರಡನೇ ಮಹಡಿಯಲ್ಲಿ ಇದ್ದದ್ದು ಕಚೇರಿ ಮತ್ತು ಮೇಲಧಿಕಾರಿಗಳ ಕೋಣೆ.

ನಮ್ಮ ಕೆಲಸದಲ್ಲಿ ಒಂದು ಉಪಾಯ ಇದೆ. ಮನೆ ಯಜಮಾನ ಮಾತಿಗೆ ಸಿಗದೆ ಒಳಗೇ ಕೂತರೆ ಕೂಗಾಡುವುದು ಬೇಡ, ಬಾಗಿಲು ಬಡಿಯುವುದೂ ಬೇಡ. ಹೊರಗಿನ ವಾಲ್ವ್ ತಿರುಗಿಸಿ ಮೆಟ್ಟಿಲ ಮೇಲೆ ಕೂತರೆ ಸಾಕು, ಸೋಪಿನ ಕೈಯಲ್ಲೇ ಓಡಿ ಬರುತ್ತಾನೆ. ಇದನ್ನೂ ಅಣ್ಣನೇ ಕಲಿಸಿದ್ದು. ಇಷ್ಟು ವರ್ಷದಲ್ಲಿ ಒಮ್ಮೆಯೂ ಈ ಉಪಾಯ ಕೈಕೊಟ್ಟಿಲ್ಲ. ಮೇಲಧಿಕಾರಿಯ ಕೋಣೆಯ ನೀರು ನಿಲ್ಲಲಿ, ಮೀಟಿಂಗು ಬಿಟ್ಟು ದಾರಿಗೆ ಬರುತ್ತಾನೆ ಎಂದುಕೊಂಡೆ.

ಒಂದು ಗಂಟೆಗೆ ಐದು ನಿಮಿಷ ಇರುವಾಗ ಕಿಂಡಿಕೋಣೆಯ ಅಗುಳಿ ತೆಗೆದು ಒಳಗೆ ಹೋದೆ. ಕತ್ತಲಿತ್ತು. ಜೇಬಿನಿಂದ ಟಾರ್ಚು ತೆಗೆದು ಹಾಕಿದೆ. ಅಣ್ಣ ಎಳೆದ ಗೀಟು ಹಾಗೇ ಇತ್ತು, ತುದಿಯಲ್ಲಿ ಬಣ್ಣ ಇಳಿದು ಗಟ್ಟಿಯಾದ ಒಂದು ಹನಿ ಕೂಡ. ಗೋಡೆಗೆ ಹೊಸದಾಗಿ ಒಂದು ಬೋರ್ಡು ಹಾಕಿದ್ದರೆಂದೂ, ಅದರಲ್ಲಿ ಎರಡನೇ ಮಹಡಿ, ಆಪರೇಷನ್ ಕೋಣೆಗಳು ಎಂದು ಬರೆದಿತ್ತೆಂದೂ ಸಾಹೇಬರು ಹೇಳಿದರು. ಇತ್ತು. ಆಮೇಲೆ ನೋಡಿದೆ. ಆಗ ಅದರ ಮೇಲೆ ಬೆಳಕು ಬಿಡಲಿಲ್ಲ. ಜಗತ್ತಿನಲ್ಲಿ ನಾನು ಎರಡನೇ ಸಲ ನೋಡದೆ ನಂಬುತ್ತಿದ್ದದ್ದು ಅಣ್ಣನ ಗೀಟೊಂದನ್ನೇ.

ಚಕ್ರ ತಿರುಗಿಸಿ ವಾಲ್ವ್ ಮುಚ್ಚಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಐದಾರು ನಿಮಿಷಕ್ಕೆ ಪಂಪ್‌ಮನ್ ಬಂದ. ಎರಡನೇ ಮಹಡಿಗೆ ನೀರಿಲ್ಲವಂತೆ, ಇಲ್ಲಿ ಯಾರಾದರೂ ಬಂದಿದ್ದರಾ ಎಂದು ಕೇಳಿದ. ನನಗೆ ಬೇಕಾಗಿದ್ದವರು ಮೇಲಧಿಕಾರಿ, ಇವನಲ್ಲ. ಯಾರೂ ಬಂದಿಲ್ಲ, ಟ್ಯಾಂಕಿನಲ್ಲೇ ಏನೋ ಸಿಕ್ಕಿಕೊಂಡಿರಬೇಕು ನೋಡಿ ಎಂದೆ. ಪಾಪ, ನಂಬಿ ನಾಲ್ಕು ಮಹಡಿ ಹತ್ತಿ ತಾರಸಿಗೆ ಹೋದ.

ಅವನು ಹೋದ ಮೇಲೆ ಎರಡನೇ ಮಹಡಿಯ ಕಂಬಿಯಿಂದ ಒಬ್ಬ ನರ್ಸ್ ಬಗ್ಗಿ ಕೆಳಗೆ ಕೂಗಿದರು. ಅವರ ಮಾತಿನಲ್ಲೇ ಬರೆಯಿರಿ: "ಪಂಪಿನವರೇ, ಎಲ್ಲಿ ಸತ್ರಿ? ಸರ್ಜನ್ ಸೋಪು ಹಚ್ಕೊಂಡು ನಿಂತಿದ್ದಾರೆ, ನೀರಿಲ್ಲ! ಕ್ಯಾತ್‌ಲ್ಯಾಬಿಂದ ಬಂದ ಪೇಷಂಟು ಟೇಬಲ್ ಮೇಲಿದೆ!" ಕ್ಯಾತ್‌ಲ್ಯಾಬ್ ಎಂದರೆ ಬಲೂನು ಬಿಡುವ ಕೋಣೆ. ಬೆಳಿಗ್ಗೆಯಿಂದ ಅದರ ಬಾಗಿಲಿಗೆ ಕಣ್ಣಿಟ್ಟು ಕೂತಿದ್ದವನು ನಾನು. ನನ್ನ ಅಣ್ಣನನ್ನು ಬಿಟ್ಟು ಆ ಬಾಗಿಲೊಳಗೆ ಬೇರೆ ಯಾರೂ ಹೋಗಿರಲಿಲ್ಲ.

ಒಳಗೆ ಹೋಗಿ ಚಕ್ರವನ್ನು ಉಲ್ಟಾ ತಿರುಗಿಸಿದೆ. ಚಕ್ರ ತಿರುಗಿತು, ನೀರಿನ ಸದ್ದು ಬರಲಿಲ್ಲ. ಇನ್ನೂ ತಿರುಗಿಸಿದೆ. ಸುಮ್ಮನೆ ಸುತ್ತುತ್ತಿತ್ತು. ಹಳೇ ಗೇಟ್ ವಾಲ್ವ್ ಒಳಗೆ ಹಿತ್ತಾಳೆಯ ಒಂದು ಬಿಲ್ಲೆ ಇರುತ್ತದೆ; ಚಕ್ರ ತಿರುಗಿಸಿದರೆ ಅದು ಇಳಿದು ದಾರಿ ಮುಚ್ಚುತ್ತದೆ, ಉಲ್ಟಾ ತಿರುಗಿಸಿದರೆ ಮೇಲೇಳುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ವಾಲ್ವಿನಲ್ಲಿ ಆ ಬಿಲ್ಲೆ ಕೆಲವೊಮ್ಮೆ ಚಕ್ರದ ಕಡ್ಡಿಯಿಂದ ಕಳಚಿಕೊಂಡು ಒಳಗೇ ದಾರಿಗೆ ಅಡ್ಡ ಬೀಳುತ್ತದೆ. ಹಾಗೆ ಬಿದ್ದಿತ್ತು.

ಮೇಲಿನಿಂದ ನೀರು ನಿಲ್ಲಿಸದೆ ಅದನ್ನು ಬಿಚ್ಚಲು ಆಗುವುದಿಲ್ಲ. ನಾನು ಕಿಂಡಿಕೋಣೆಯಿಂದ ಪೈಪುಗಳು ಮೇಲಕ್ಕೆ ಏರುವ ಕಂಡಿಯಲ್ಲಿ ಬಾಯಿಟ್ಟು, ತಾರಸಿಯಲ್ಲಿದ್ದ ಪಂಪ್‌ಮನ್‌ಗೆ ಟ್ಯಾಂಕಿನ ಬಾಯಿ ಮುಚ್ಚು ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅವನು ಮುಚ್ಚಿದ. ಪಂಪಿನ ಮನೆಯಿಂದ ದೊಡ್ಡ ರೆಂಚು ತಂದು ವಾಲ್ವಿನ ತಲೆ ಬಿಚ್ಚಿದೆ. ಪೈಪಿನಲ್ಲಿ ಉಳಿದಿದ್ದ ನೀರು ಮುಖಕ್ಕೆ, ಎದೆಗೆ ಹೊಡೆಯಿತು. ಇಕ್ಕಳ ಹಾಕಿ ಬಿಲ್ಲೆಯನ್ನು ಕಿತ್ತು, ತಲೆ ಮತ್ತೆ ಕೂರಿಸಿ, ಬಿಡು ಎಂದು ಕೂಗಿದೆ. ನೀರು ಬಂತು. ಗಡಿಯಾರ ಒಂದೂ ಇಪ್ಪತ್ತೈದು ತೋರಿಸುತ್ತಿತ್ತು. ನಾನು ಮಾಡಿದ ಕೆಲಸಗಳಲ್ಲೇ ಬೇಗ ಮಾಡಿದ ಕೆಲಸ ಅದು. ಅಣ್ಣ ನೋಡಿದ್ದರೆ ಭೇಷ್ ಎನ್ನುತ್ತಿದ್ದ.

ಇಲ್ಲಿ ಸಾಹೇಬರು ಪೇದೆಯವರ ಪೆನ್ನು ತಡೆದು, "ವಾಲ್ವ್ ತಾನಾಗೇ ಮುರೀತಾ, ನೀವು ಮುರಿದ್ರಾ?" ಎಂದು ಕೇಳಿದರು. ನೀರು ಬೇಕೆ ಎಂದು ಪೇದೆಯವರು ಕೇಳಿದರು, ಬೇಡ ಎಂದೆ. ನನ್ನ ಉತ್ತರ ಇದು: ಎಂದಿನ ಹಾಗೇ ತಿರುಗಿಸಿದೆ. ಕೈ ಬಿಗಿ ಮಾಡಲಿಲ್ಲ, ಜಗ್ಗಲಿಲ್ಲ. ಹಳೇದಾಗಿತ್ತು. ನಾನು ಮುಟ್ಟದಿದ್ದರೆ ಮುರಿಯುತ್ತಿರಲಿಲ್ಲ.

ಮೇಲೆ ಹೋದಾಗ ಅತ್ತಿಗೆ ಆಪರೇಷನ್ ಕೋಣೆಯ ಹೊರಗೆ ಒಬ್ಬರೇ ನಿಂತಿದ್ದರು. ನನ್ನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಏನೂ ಕೇಳಲಿಲ್ಲ. ತಮ್ಮ ಸೆರಗಿನ ತುದಿ ಕೊಟ್ಟು ಮುಖ ಒರೆಸಿಕೋ ಎಂದರು. ವಾಲ್ವಿನ ವಿಷಯ ಈ ಹೊತ್ತಿನವರೆಗೂ ಅವರಿಗೆ ಹೇಳಿಲ್ಲ.

ಮೂರೂ ಇಪ್ಪತ್ತಕ್ಕೆ ಸರ್ಜನ್ ಹೊರಗೆ ಬಂದು, ಹೃದಯದ ಬದಲು ರಕ್ತ ಹರಿಸುವ ಯಂತ್ರದಿಂದ ಬಿಡಿಸಿದ ಮೇಲೆ ಹೃದಯ ಮತ್ತೆ ಬಡಿತ ಹಿಡಿಯಲಿಲ್ಲ ಎಂದು ತಿಳಿಸಿದರು. ಅತ್ತಿಗೆ ಗೋಡೆ ಹಿಡಿದು ಕೂತರು. ನಾನು ನಿಂತೇ ಇದ್ದೆ. ಆ ಹೊತ್ತಿಗೆ ಯಾರಾದರೂ ಕೂತ್ಕೊಳ್ಳಿ ಎಂದಿದ್ದರೆ ಕೂರುತ್ತಿದ್ದೆನೇನೋ. ಯಾರೂ ಹೇಳಲಿಲ್ಲ.

ನಾಲ್ಕೂವರೆಗೆ ಡಾಕ್ಟರಮ್ಮ ನನ್ನನ್ನು ಮತ್ತು ಅತ್ತಿಗೆಯನ್ನು ತಮ್ಮ ಕೋಣೆಗೆ ಕರೆಸಿದರು. ಬೆಳಿಗ್ಗೆಗಿಂತ ಹತ್ತು ವರ್ಷ ವಯಸ್ಸು ಹೆಚ್ಚಾದವರ ಹಾಗೆ ಕಂಡರು. ನಾನು ಕೇಳುವ ಮೊದಲೇ ಪರದೆಯನ್ನು ನನ್ನ ಕಡೆ ತಿರುಗಿಸಿ, "ನೀವು ನೋಡ್ಬೇಕು ಅಂದಿದ್ರಲ್ಲ, ನೋಡಿ" ಎಂದರು. ಅಳಿಸಿರಲಿಲ್ಲ. ಕಪ್ಪು ಬೇರುಗಳಂಥ ರಕ್ತನಾಳ, ಅದರೊಳಗೆ ಮೊದಲು ಇಲ್ಲದ ಒಂದು ತೆಳ್ಳನೆಯ ಗೆರೆ. ಅದು ಪ್ರತಿ ಬಡಿತಕ್ಕೂ ಅಲುಗಾಡುತ್ತಿತ್ತು. ಅದೇ ಸೀಳಿದ ಪದರ ಎಂದು ಪೆನ್ನಿನ ತುದಿಯಲ್ಲಿ ತೋರಿಸಿದರು. ನಾನು ಅವರನ್ನೂ ಅದೇ ಪ್ರಶ್ನೆ ಕೇಳಿದೆ. ಅವರು ನನ್ನ ಕಣ್ಣಿಗೆ ಕಣ್ಣು ಕೊಟ್ಟು, "ನನ್ನ ಕೈಯಲ್ಲೇ ಆಯ್ತು. ಬಲೂನು ಒಯ್ಯೋ ಟ್ಯೂಬಿನ ತುದಿ ತಾಗಿ ಪದರ ಬಿಟ್ಕೊಂಡಿತು. ಎಂದಿನ ಹಾಗೇ ಹಾಕಿದ್ದೆ. ನಾಳ ತುಂಬಾ ಗಡುಸಾಗಿತ್ತು, ನಾನು ಮುಟ್ಟದಿದ್ರೆ ಸೀಳ್ತಿರಲಿಲ್ಲ" ಎಂದರು.

ಬೆಳಿಗ್ಗೆಯಿಂದ ನಾನು ಬೆನ್ನು ಬಿದ್ದಿದ್ದ ಮಾತು ಕೈಗೆ ಸಿಕ್ಕಿತು. ಸಿಕ್ಕಿದ್ದಕ್ಕೆ ಏನೂ ಅನ್ನಿಸಲಿಲ್ಲ.

ಎದ್ದು ಬರುವಾಗ ಡಾಕ್ಟರಮ್ಮ ತಾವಾಗಿಯೇ ಇನ್ನೊಂದು ಮಾತು ಹೇಳಿದರು. ಮಧ್ಯೆ ನೀರು ನಿಂತದ್ದರಿಂದ ಏನೂ ತೊಂದರೆ ಆಗಲಿಲ್ಲ, ಸರ್ಜನ್ ಬಾಟಲಿ ನೀರಲ್ಲಿ ಸೋಪು ತೊಳೆದು, ಕೈಗೆ ಔಷಧಿಯ ದ್ರಾವಣ ಹಚ್ಚಿಕೊಂಡು ಹೊತ್ತಿಗೆ ಸರಿಯಾಗಿ ಶುರು ಮಾಡಿದರು, ಎದೆ ತೆರೆಯುವಷ್ಟರಲ್ಲೇ ಹೃದಯದ ಸ್ನಾಯು ಸಾಕಷ್ಟು ಸತ್ತಿತ್ತು ಎಂದರು. ಸೀಳಿದ ವಿಷಯ ಹೇಳುವಾಗ ನನ್ನ ಮುಖ ನೋಡಿ ಹೇಳಿದವರು, ಇದನ್ನು ಹೇಳುವಾಗ ಅತ್ತಿಗೆಯ ಮುಖ ನೋಡಿದರು. ನಾನು ಗಮನಿಸಿದೆ. ಗಮನಿಸದೆ ಇರಲು ನನಗೆ ಬರುವುದಿಲ್ಲ.

ನಿನ್ನೆ ರಾತ್ರಿಯೆಲ್ಲ ಇದೇ ನನ್ನನ್ನು ಕೊರೆಯಿತು. ಡಾಕ್ಟರಮ್ಮ ಸುಳ್ಳುಗಾತಿ, ಆಸ್ಪತ್ರೆಯವರು ಮುಚ್ಚಿಡುವವರು ಎಂದು ದೂರು ಬರೆಸಬೇಕೆಂದು ಇಲ್ಲಿಗೆ ಬಂದೆ. ಆದರೆ ಅವರು ಸುಳ್ಳುಗಾತಿ ಎಂದು ಬರೆಸಿದರೆ ನೀರಿನ ಮಾತೂ ಸುಳ್ಳಾಗುತ್ತದೆ. ಆಗ ಅಣ್ಣನನ್ನು ಕೊಂದದ್ದು ಆ ಗೆರೆಯಲ್ಲ, ನೀಲಿ ಗೀಟು. ಅವರು ನಿಜ ಹೇಳುವವರು ಎಂದು ಬರೆಸಿದರೆ ನನಗೆ ದೂರು ಕೊಡಲು ಏನೂ ಉಳಿಯುವುದಿಲ್ಲ. ಯಾವುದನ್ನು ಬರೆಯಲಿ ಎಂದು ಸಾಹೇಬರು ಕೇಳಿದರು. ಆ ಸಾಲು ಖಾಲಿ ಬಿಡಿ ಎಂದೆ. ಖಾಲಿ ಬಿಡುವ ಹಾಗಿಲ್ಲ ಎಂದರು.

ಹಾಗಾದರೆ ಹೀಗೆ ಬರೆದುಕೊಳ್ಳಿ. ಡಾಕ್ಟರಮ್ಮ ಹೇಳಿದ್ದೆಲ್ಲ ನಿಜ. ಅವರ ಮೇಲೆ ನನ್ನ ದೂರಿಲ್ಲ. ಇದನ್ನು ಮನಸಾರೆ ನಂಬುತ್ತೀರಾ ಎಂದು ಸಾಹೇಬರು ಕೇಳಿದರು. ಅದನ್ನು ಬರೆಸುವುದಿಲ್ಲ.

ವಾಲ್ವಿನಿಂದ ಕಿತ್ತ ಹಿತ್ತಾಳೆ ಬಿಲ್ಲೆ ನನ್ನ ಜೇಬಿನಲ್ಲೇ ಇತ್ತು. ತೆಗೆದ ತುಂಡನ್ನು ತೋರಿಸದೆ ಹೋಗಬಾರದು ಎಂಬ ಅಣ್ಣನ ನಿಯಮದ ಪ್ರಕಾರ ಅದನ್ನು ಸಾಹೇಬರ ಮೇಜಿನ ಮೇಲೆ ಇಟ್ಟಿದ್ದೇನೆ. ಹೊರಗೆ ಪಂಪ್‌ಮನ್ ಪಕ್ಕದಲ್ಲಿ ಕೂತಿರುವ ನನ್ನ ಅತ್ತಿಗೆಯನ್ನು ಒಳಗೆ ಕರೆದು, ಈ ಹೇಳಿಕೆಯನ್ನು ಒಂದು ಅಕ್ಷರವೂ ಬಿಡದೆ ಅವರ ಎದುರಿಗೆ ಗಟ್ಟಿಯಾಗಿ ಓದಬೇಕೆಂದು ಕೋರುತ್ತೇನೆ. ನನ್ನ ಬಾಯಿಂದ ಹೇಳಲು ಆಗಲಿಲ್ಲ.

ಅತ್ತಿಗೆಯ ಎದುರಿಗೆ ಓದಿದ್ದನ್ನು ಕೇಳಿದೆ. ನಾನು ಕಂಡದ್ದು, ಮಾಡಿದ್ದು, ಆಡಿದ್ದು ಇದರಲ್ಲಿ ಇರುವ ಹಾಗೆಯೇ ಇದೆ. ಕೂಡಿಸಿದ್ದೂ ಇಲ್ಲ, ಕಳೆದದ್ದೂ ಇಲ್ಲ.

ಸ್ಥಳ: ಆಸ್ಪತ್ರೆ ಎದುರಿನ ಪೊಲೀಸ್ ಠಾಣೆ
ದಿನಾಂಕ: ಹದಿನಾಲ್ಕನೇ ತಾರೀಖು, ಬುಧವಾರ, ಬೆಳಿಗ್ಗೆ ಹನ್ನೊಂದೂವರೆ
ಹೇಳಿಕೆ ಕೊಟ್ಟವನ ಸಹಿ

ಸಾಕ್ಷಿಯಾಗಿ ಸಹಿ ಹಾಕುವ ಮೊದಲು ಮೃತನ ಪತ್ನಿ ಸೇರಿಸಲು ಕೇಳಿಕೊಂಡ ಮಾತು: ಇಪ್ಪತ್ತಾರು ವರ್ಷ ಕೊಳಾಯಿ ಕೆಲಸದವನ ಜೊತೆ ಸಂಸಾರ ಮಾಡಿದವಳು ನಾನು. ಅಂಗಿ ಎಲ್ಲಿ ಒದ್ದೆಯಾಗಿದೆ ಎಂದು ನೋಡಿದರೆ ಏನು ಬಿಚ್ಚಿ ಬಂದಿದ್ದಾನೆ ಎಂದು ನನಗೆ ತಿಳಿಯುತ್ತದೆ. ನೀರಿಲ್ಲ ಎಂದು ನರ್ಸ್ ಕೂಗಿದ್ದು ನನಗೂ ಕೇಳಿತ್ತು. ನೀರಿನಿಂದ ಏನೂ ಆಗಲಿಲ್ಲ ಎಂದು ನನ್ನ ಮೈದುನನಿಗೆ ಹೇಳಿ ಎಂದು, ಅವರ ಕೋಣೆಗೆ ಹೋಗುವ ಮೊದಲೇ ಡಾಕ್ಟರಮ್ಮನನ್ನು ಬೇಡಿಕೊಂಡವಳು ನಾನೇ. ಅವರು ಹೇಳಿದರು. ಅದು ನಿಜವೇ ಎಂದು ನಾನು ಕೇಳಲಿಲ್ಲ. ಅವನೂ ಕೇಳಬಾರದು.

ಸಾಕ್ಷಿಯ ಸಹಿ